ಹನ್ನೊಂದು ಗುರುತು

ನಮ್ಮೂರಿನಲ್ಲಿ ಯಾವ ಕೆಲಸದ ಮುಂದೆ ‘ಆಗಿದೆ’ ಎಂದು ಗುರುತು ಬೀಳುತ್ತದೆಯೋ, ಆ ಕೆಲಸ ಆಗಿಲ್ಲವೆಂದು ಹೇಳಲು ಆ ಮನೆಯವರ ಬಾಯಿಗೆ ಆಮೇಲೆ ಬರುವುದಿಲ್ಲ. ನಾನು ಹುಟ್ಟುವುದಕ್ಕೆ ಮುಂಚಿನಿಂದಲೂ ಹೀಗೇ ಇದೆ. ನಲ್ಲಿ ಕೂರಿಸಲಾಗಿದೆ ಎಂದು ಪಟ್ಟಿಯಲ್ಲಿ ಗುರುತು ಬಿದ್ದ ಮನೆಯ ಹೆಂಗಸು ಖಾಲಿ ಕೊಡ ಹಿಡಿದು ಬಾಗಿಲಿಗೆ ಬರುತ್ತಾಳೆ, ‘ನೀರು...’ ಎಂದು ಶುರುಮಾಡುತ್ತಾಳೆ, ‘ನೀರು ಚೊಲೋ ಬರ್ತಾವ್ರಿ’ ಎಂದು ಮುಗಿಸುತ್ತಾಳೆ. ಮೊದಮೊದಲು ತನ್ನ ಮಾತಿಗೆ ತಾನೇ ಬೆಚ್ಚುತ್ತಾಳೆ. ಆಮೇಲಾಮೇಲೆ ಬೆಚ್ಚುವುದೂ ನಿಂತುಹೋಗುತ್ತದೆ. ಸನ್ನೆ ಮಾಡಲು ಹೋದರೆ ಕೈ ಏಳುವುದಿಲ್ಲ.

ಜನ ಇದಕ್ಕೆ ಹೊಂದಿಕೊಂಡಿದ್ದರು. ಪಟ್ಟಿ ಹಿಡಿದವರು ಬರುವ ಹಿಂದಿನ ದಿನ ಪ್ರತಿ ಓಣಿಯಲ್ಲೂ ಗದ್ದಲವೋ ಗದ್ದಲ. ಗಟಾರ, ಬೀದಿದೀಪ, ಪಡಿತರದ ಅಕ್ಕಿ, ಯಾವುದರ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟನ್ನೂ ಅವತ್ತೇ ಬೈದು ಮುಗಿಸುತ್ತಿದ್ದರು. ಮುದುಕರು ಕಟ್ಟೆಯ ಮೇಲೆ ಕೂತು, ಮರೆತುಹೋಗಿದ್ದ ದೂರುಗಳನ್ನು ಒಬ್ಬರಿಗೊಬ್ಬರು ನೆನಪು ಮಾಡಿಕೊಡುತ್ತಿದ್ದರು. ಗುರುತು ಹಾಕಿದ ಕೈಯೇ ಅದನ್ನು ಹೊಡೆದುಹಾಕಿ ‘ಆಗಿಲ್ಲ’ ಎಂದು ಬರೆದರೆ ಮಾತು ಮರಳುತ್ತದೆ. ಆದರೆ ಹಾಗೆ ಹೊಡೆದುಹಾಕಿದವರಿಗೆ ಮರುದಿನದಿಂದ ಕೆಲಸವಿಲ್ಲ ಎಂಬುದು ಕಚೇರಿಯ ನಿಯಮ. ಅದನ್ನು ಮಾಡಿದವರನ್ನು ನಾನು ಕಂಡಿರಲಿಲ್ಲ.

ನನ್ನ ಹೆಸರು ಚಂದ್ರವ್ವ. ಬಸುರಿ ಆರೈಕೆ ಯೋಜನೆಯಲ್ಲಿ ಹನ್ನೆರಡು ವರ್ಷ ಪಟ್ಟಿ ಹಿಡಿದು ತಿರುಗಿದವಳು. ಬಳೆಗಾರರ ಓಣಿ, ಗಾಣದ ಓಣಿ, ಕೆರೆ ಅಂಚಿನ ಹೊಸ ಮನೆಗಳು, ಇಷ್ಟು ನನ್ನ ಪಾಲಿಗೆ. ಆ ವರ್ಷ ನಲವತ್ತೊಂದು ಜನ ಬಸುರಿಯರಿದ್ದರು. ಒಬ್ಬೊಬ್ಬರ ಮನೆಗೂ ನಾಲ್ಕು ಭೇಟಿ. ಪ್ರತಿ ಭೇಟಿಯಲ್ಲೂ ತೂಕ ನೋಡಬೇಕು, ಪಾದ ಒತ್ತಿ ಬಾವು ಇದೆಯೇ ನೋಡಬೇಕು, ತೋಳಿಗೆ ಪಟ್ಟಿ ಸುತ್ತಿ ಬಿಪಿ ಅಳೆಯಬೇಕು, ಆಮೇಲೆ ಗುರುತು. ನಮ್ಮ ಕಚೇರಿಯ ಗೋಡೆಯ ಮೇಲೆ ಯೋಜನೆಯ ದೊಡ್ಡ ನಕಾಶೆ ಇತ್ತು. ಮೇಲೆ ಗುರಿ, ಅದರ ಕೆಳಗೆ ಮಾಡಬೇಕಾದ ಕೆಲಸ, ಅದರ ಕೆಳಗೆ ಅದು ಆಯಿತೋ ಇಲ್ಲವೋ ನೋಡುವ ಅಳತೆ. ಗುರಿಯ ಚೌಕದಲ್ಲಿ ಒಂದೇ ಸಾಲು: ‘ಹೆರಿಗೆಯಲ್ಲಿ ತಾಯಿಯಾಗಲಿ ಕೂಸಾಗಲಿ ಸಾಯಬಾರದು.’ ಹನ್ನೆರಡು ವರ್ಷ ನಾನು ತೋಳು ಮುಟ್ಟದೆ ಗುರುತು ಹಾಕಿರಲಿಲ್ಲ. ಇದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದೆಂದರೆ ನನಗೆ ಇಷ್ಟವಾಗಿತ್ತು.

ಆ ಬೇಸಿಗೆಯಲ್ಲಿ ಬಿಪಿ ಮಶೀನಿನ ರಬ್ಬರ್ ಚೆಂಡು ಸೀಳಿತು. ಒತ್ತಿದರೆ ಗಾಳಿ ಪಟ್ಟಿಗೆ ಹೋಗದೆ ನನ್ನ ಅಂಗೈಗೇ ಬರುತ್ತಿತ್ತು. ಅಂಟುಪಟ್ಟಿ ಸುತ್ತಿದೆ, ಸೈಕಲ್ ಅಂಗಡಿಯಲ್ಲಿ ತೇಪೆ ಹಾಕಿಸಿದೆ. ಎರಡು ದಿನ ತಡೆಯಿತು, ಮೂರನೆಯ ದಿನ ಮತ್ತೆ ಸೀಳಿತು. ನಮ್ಮ ಮೇಲಧಿಕಾರಿ ತಿರಕಪ್ಪ ಸಾಹೇಬರಿಗೆ ಚೀಟಿ ಬರೆದು ಕೊಟ್ಟೆ. ಕೆಟ್ಟ ಮನುಷ್ಯರಲ್ಲ ಅವರು. ನಮ್ಮ ಮನೆಗಳಲ್ಲಿ ಯಾರಿಗೆ ಜ್ವರ ಬಂದಿದೆ ಎಂಬುದೂ ಅವರಿಗೆ ಗೊತ್ತಿರುತ್ತಿತ್ತು. ಹೊಸ ಮಶೀನಿಗೆ ಜಿಲ್ಲೆಗೆ ಬರೆದಿದ್ದೇನೆ, ಗುರುವಾರ ಬರುತ್ತದೆ ಎಂದರು.

ಗುರುವಾರಕ್ಕೆ ಎರಡು ದಿನ ಮೊದಲು, ಮಂಗಳವಾರ ಮಧ್ಯಾಹ್ನ, ನನ್ನನ್ನು ಕರೆದು ಕೂರಿಸಿದರು. ಮೇಜಿನ ಮೇಲೆ ಎಲ್ಲರ ಪಟ್ಟಿಗಳೂ ಬಿಚ್ಚಿಕೊಂಡಿದ್ದವು.

“ಚಂದ್ರವ್ವ, ರಾಜಧಾನಿಯಿಂದ ಮೌಲ್ಯಮಾಪನದವರು ಬರ್ತಾರ. ಪಟ್ಟಿ ನಕಲು ನಾಳೆ ಮುಂಜಾನೆ ಕಳಸಬೇಕು. ಎಲ್ಲಾರ್ದೂ ತುಂಬೇತಿ, ನಿನ್ನವ ಹನ್ನೊಂದು ಮನಿ ಖಾಲಿ ಅದಾವ.”

“ಮಶೀನ್ ಇಲ್ಲಲ್ರಿ ಸಾಹೇಬರ.”

“ಗುರುವಾರ ಬರತೈತಿ. ಶುಕ್ರವಾರ, ಶನಿವಾರ ಎರಡು ದಿನದಾಗ ಹನ್ನೊಂದು ಮನಿ ನಿನಗೇನು ದೊಡ್ಡದಲ್ಲ. ಗುರುತ ಇವತ್ತ ಹಾಕು, ಅಳತಿ ಆಮ್ಯಾಲೆ ತಗೋ. ಮೂರು ದಿನ ಹಿಂದ ಮುಂದ, ಅಷ್ಟ.”

“ನಡುವ ಯಾರಿಗಾರ ಏನಾರ ಆದ್ರ, ಹೇಳಾಕ ಬರೂದಿಲ್ಲಲ್ರಿ ಅವರಿಗೆ.”

ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. “ಪಟ್ಟಿ ತುಂಬಲಿಲ್ಲ ಅಂದ್ರ ಯೋಜನಾನ ನಿಲ್ಲಸ್ತಾರ. ಆಗ ನಲವತ್ತೊಂದು ಮಂದಿಗೂ ಯಾರೂ ಬರೂದಿಲ್ಲ. ನೀನ ಹೇಳು.”

ನಾನು ನನ್ನ ಪಟ್ಟಿ ಎತ್ತಿಕೊಂಡೆ. ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತು ಒಂದಾದ ಮೇಲೆ ಒಂದು ಹನ್ನೊಂದು ಗುರುತು ಹಾಕಿದೆ. ಒಂದು ಲೋಟ ಚಾ ಆರುವಷ್ಟರಲ್ಲಿ ಮುಗಿಯಿತು. ಏಳನೆಯದು ಜೈಬುನ್ನಿಸಾಳ ಮನೆ.

ಜೈಬು ಬಳೆಗಾರರ ಓಣಿಯ ಕೊನೆಯ ಮನೆಯ ಸೊಸೆ. ಇಪ್ಪತ್ಮೂರು ವರ್ಷ, ಚೊಚ್ಚಲ ಬಸುರಿ, ಎಂಟನೆಯ ತಿಂಗಳು. ಮನೆಯಲ್ಲಿ ಅವಳು ಮತ್ತು ಅತ್ತೆ ಹುಸೇನಬೀ ಕೆಂಡದ ಒಲೆಯ ಮುಂದೆ ಕೂತು ಅರಗಿನ ಬಳೆ ಮಾಡುತ್ತಾರೆ. ಗಂಡ ಮೌಲಾಸಾಬ ಅವನ್ನು ಹೊತ್ತುಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಾನೆ, ಹೋದರೆ ಹದಿನೈದು ದಿನ. ಜೈಬು ಭಾರಿ ಮಾತಿನವಳು. ಮೊದಲ ಮೂರು ಭೇಟಿಗಳಲ್ಲಿ ಅವಳ ತೋಳಿಗೆ ಪಟ್ಟಿ ಸುತ್ತಿ, ‘ಸುಮ್ಮನಿರವ್ವ, ಮಾತಾಡಿದ್ರ ಬಿಪಿ ಏರತೈತಿ’ ಎಂದು ಎಷ್ಟು ಸಲ ಗದರಿದ್ದೇನೋ.

ಗುರುವಾರ ಮಶೀನು ಬರಲಿಲ್ಲ. ಮುಂದಿನ ಸೋಮವಾರ ಎಂದರು. ಸೋಮವಾರವೂ ಬರಲಿಲ್ಲ. ಮನಸ್ಸು ತಡೆಯದೆ, ಬರಿಗೈಯಲ್ಲೇ ಹನ್ನೊಂದೂ ಮನೆಗೆ ಹೋಗಿ ಮಾತಾಡಿಸಿ ಬಂದೆ. ಜೈಬು ಹೊಸ್ತಿಲಲ್ಲೇ ಕೂತಿದ್ದಳು. ತಲೆಗೆ ಒದ್ದೆ ಬಟ್ಟೆ ಬಿಗಿಯಾಗಿ ಕಟ್ಟಿಕೊಂಡಿದ್ದಳು. ಒಲೆಯ ಕಾವಿಗೆ ಇರಬೇಕು ಅಂದುಕೊಂಡೆ. ಕೈಯಲ್ಲಿ ಯಾವಾಗಲೂ ಇರುತ್ತಿದ್ದ ಬಳೆಗಳು ಗೋಡೆಯ ಮೊಳೆಗೆ ತೂಗುತ್ತಿದ್ದವು. ಬಳೆ ಮಾಡುವವಳ ಕೈ ಬರಿದಾಗಿದೆಯಲ್ಲ ಎಂದು ಒಂದು ಕ್ಷಣ ಅನಿಸಿತು, ಅಷ್ಟೆ.

“ಹೆಂಗದೀಯವ್ವ?”

“ನನಗ...” ಎಂದಳು. ತುಟಿ ಅಲುಗಿತು. “ಎಲ್ಲಾ ಚೊಲೋ ಐತ್ರಿ ಬಾಯಾರ.”

“ತಲಿನೋವು, ಕಣ್ಣ ಮಂಜು, ಏನಾರ?”

“ಎಲ್ಲಾ ಚೊಲೋ ಐತ್ರಿ.”

ಒಳಗಿನಿಂದ ಹುಸೇನಬೀ ಬಂದು ನನ್ನನ್ನೇ ದಿಟ್ಟಿಸಿ ನೋಡುತ್ತ ನಿಂತಳು. ಅವಳೂ ಅದನ್ನೇ ಹೇಳಿದಳು. ನನಗೆ ಹಗುರಾಯಿತು. ಗುರುತು ಹಾಕಿದವಳು ನಾನು. ಆ ಮನೆಯವರ ಬಾಯಿಂದ ಬೇರೆ ಮಾತು ಬರಲಾರದು ಎಂಬುದು ಈ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳೂ ನಾನು. ಆದರೂ ಅವಳು ‘ಚೊಲೋ ಐತ್ರಿ’ ಎಂದಾಗ ನಾನು ನಂಬಿದೆ. ನಂಬಿ, ಅವಳು ಕೊಟ್ಟ ನೀರು ಕುಡಿದು, ಮುಂದಿನ ಮನೆಗೆ ಹೋದೆ.

ಬುಧವಾರ ಮೌಲ್ಯಮಾಪನದವರ ಜೀಪು ಬಂತು. ತಂಡದ ಮುಖ್ಯಸ್ಥೆ ಪದ್ಮಜಾ ಇನಾಮದಾರ ಎಂಬವರು. ಐವತ್ತು ದಾಟಿದ, ತೆಳ್ಳಗಿನ ಹೆಂಗಸು. ನಮ್ಮೂರಿನ ರೀತಿ ಅವರಿಗೆ ಗೊತ್ತಿರಲಿಲ್ಲ, ಹೊರಗಿನವರಿಗೆ ಹೇಳುವ ಪದ್ಧತಿಯೂ ನಮ್ಮಲ್ಲಿಲ್ಲ. ಅವರ ನಮೂನೆಯಲ್ಲಿ ನಮ್ಮ ಪಟ್ಟಿಯಲ್ಲಿಲ್ಲದ ಒಂದು ಕಾಲಂ ಇತ್ತು. ಯಾವ ಉತ್ತರ ಕೊಟ್ಟರೂ ಅವರು ಪೆನ್ನನ್ನು ಆ ಕಾಲಮಿಗೆ ತಂದು, “ಇದು ನಿಮಗೆ ಹೇಗೆ ಗೊತ್ತಾಯಿತು?” ಎಂದು ಕೇಳುತ್ತಿದ್ದರು. ಕಚೇರಿಯಲ್ಲಿ ಈ ಪ್ರಶ್ನೆಗೆ ತಿರಕಪ್ಪ ಸಾಹೇಬರು ಪ್ರತಿ ಸಲವೂ, “ಪಟ್ಟಿಯೊಳಗ ಐತ್ರಿ ಮೇಡಂ” ಎಂದರು.

ಮನೆ ನೋಡಬೇಕು ಎಂದು ಅವರೇ ಕಣ್ಣು ಮುಚ್ಚಿ ಪಟ್ಟಿಯ ಮೇಲೆ ಬೆರಳಿಟ್ಟು ಐದು ಮನೆ ಆರಿಸಿದರು. ಮೂರನೆಯ ಸಲ ಬೆರಳು ಜೈಬುವಿನ ಹೆಸರಿನ ಮೇಲೆ ಬಿತ್ತು.

ನಾವು ಹೋದಾಗ ಹನ್ನೊಂದು ಗಂಟೆಯ ಬಿಸಿಲು. ಒಲೆ ಉರಿಯುತ್ತಿರಲಿಲ್ಲ. ಜೈಬು ಗೋಡೆಗೆ ಒರಗಿ ಕೂತಿದ್ದಳು. ಎರಡೇ ದಿನದಲ್ಲಿ ಮುಖ ಉಬ್ಬಿ ಕಣ್ಣು ಸಣ್ಣವಾಗಿದ್ದವು. ಪದ್ಮಜಾ ಮೇಡಂ ಚಾಪೆಯ ಮೇಲೆ ಕೂತು ನಮೂನೆ ಬಿಚ್ಚಿದರು.

“ನಾಲ್ಕನೇ ಭೇಟಿಯಲ್ಲಿ ಬಿಪಿ ನೋಡಿದ್ರಾ ಅಮ್ಮ?”

“ನೋಡ್ಯಾರ್ರಿ.”

“ಏನಾದ್ರೂ ತೊಂದರೆ ಇದೆಯಾ?”

“ಎಲ್ಲಾ ಚೊಲೋ ಐತ್ರಿ,” ಎಂದಳು ಜೈಬು. ಹಾಗೆನ್ನುತ್ತ ಅವಳ ಎರಡೂ ಕಣ್ಣುಗಳಿಂದ ನೀರು ಸುರಿಯುತ್ತಿತ್ತು. ಮೇಡಂ ಪೆನ್ನು ಎತ್ತಿ ನನ್ನತ್ತ ನೋಡಿದರು. “ಯಾಕೆ ಅಳ್ತಿದಾರೆ ಇವರು? ಬಿಪಿ ನೋಡಿದ್ದು ನೀವೇ ತಾನೆ? ಯಾವ ಮಶೀನಿನಲ್ಲಿ ನೋಡಿದ್ರಿ?”

ನಾನು ಹೇಳಿಬಿಡಲು ಬಾಯಿ ತೆರೆದೆ. ನೋಡಿಲ್ಲ, ಮಶೀನು ಕೆಟ್ಟಿದೆ, ಇವಳನ್ನು ಈಗಲೇ ಆಸ್ಪತ್ರೆಗೆ ಒಯ್ಯಬೇಕು, ಇಷ್ಟೂ ನಾಲಗೆಯ ತುದಿಯಲ್ಲಿತ್ತು. “ಮಶೀನು...” ಎಂದೆ. “ಮಶೀನು ಚೊಲೋ ನಡೀತೈತ್ರಿ ಮೇಡಂ.”

ಅದು ನನ್ನದೇ ದನಿ. ಇನ್ನೊಮ್ಮೆ ಪ್ರಯತ್ನಿಸಿದೆ. ಗಂಟಲಲ್ಲಿ ಮಾತು ಹೊರಳಿ, ಅದೇ ವಾಕ್ಯ, ಅದೇ ನಗುಮುಖದಲ್ಲಿ ಹೊರಬಂತು. ಬಾಗಿಲಲ್ಲಿ ನಿಂತಿದ್ದ ತಿರಕಪ್ಪ ಸಾಹೇಬರ ಕಡೆ ತಿರುಗಿದೆ. ಅವರು ನೆಲ ನೋಡುತ್ತಿದ್ದರು. ಅಷ್ಟರಲ್ಲಿ ಗೊತ್ತಾಯಿತು. ನಮ್ಮ ಪಟ್ಟಿಗಳ ಮೇಲೆ ಅವರದೊಂದು ಪಟ್ಟಿ ಇರುತ್ತದೆ. ‘ಸಿಬ್ಬಂದಿಯ ಸಲಕರಣೆಗಳು ಸುಸ್ಥಿತಿಯಲ್ಲಿವೆ’ ಎಂಬ ಸಾಲಿನ ಮುಂದೆ ಅವರು ಗುರುತು ಹಾಕಿದ್ದರು. ನಾನು ಎಷ್ಟೋ ಮನೆಗಳ ಬಾಯಿಗೆ ಗುರುತು ಹಾಕಿದವಳು. ನನ್ನ ಬಾಯಿಗೂ ಒಂದು ಹಾಕಬಹುದೆಂದು ಆವರೆಗೆ ನನಗೆ ಹೊಳೆದಿರಲೇ ಇಲ್ಲ.

ಆಗ ಜೈಬುವಿನ ಕುತ್ತಿಗೆ ಒಂದು ಕಡೆಗೆ ಸೆಳೆಯಿತು. ಕಣ್ಣುಗುಡ್ಡೆ ಮೇಲಾದವು. ಹಲ್ಲು ಕಚ್ಚಿಕೊಂಡು ಅವಳು ಪಕ್ಕಕ್ಕೆ ಬಿದ್ದಳು, ಮೈಯೆಲ್ಲ ಬಿಲ್ಲಿನಂತೆ ಸೆಟೆದು ಅದುರತೊಡಗಿತು. ಬಳೆಯ ಅಚ್ಚುಗಳಿದ್ದ ಬುಟ್ಟಿ ಅವಳ ಕಾಲು ತಾಗಿ ಉರುಳಿತು. ಹುಸೇನಬೀ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಎದೆ ಬಡಿದುಕೊಳ್ಳುತ್ತ, “ಚೊಲೋ ಐತಿ! ಎಲ್ಲಾ ಚೊಲೋ ಐತಿ!” ಎಂದು ಕಿರುಚುತ್ತಿದ್ದಳು. ಆ ಕಿರುಚಾಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಪದ್ಮಜಾ ಮೇಡಂ ನಮೂನೆ ಕೈಬಿಟ್ಟು ಎದ್ದು ನಿಂತವರು ಹಾಗೇ ನಿಂತಿದ್ದರು. ಆಮೇಲೆ ಒಮ್ಮೆಲೇ, “ಜೀಪ್ ತನ್ನಿ! ಮನೆ ಮುಂದಕ್ಕೇ ತನ್ನಿ!” ಎಂದು ಕೂಗಿದರು.

ಜೀಪಿನ ಹಿಂದಿನ ಸೀಟಿನಲ್ಲಿ ಅವಳನ್ನು ಎಡಮಗ್ಗುಲಿಗೆ ಮಲಗಿಸಿ, ತಲೆ ಅತ್ತೆಯ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಹೊರಟೆವು. ಪಾದ ಒತ್ತಿದೆ. ಬೆರಳು ಹೂತುಹೋಗಿ, ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಮೇಡಂ ಮುಂದಿನ ಸೀಟಿನಿಂದ ತಿರುಗಿ, “ಎಷ್ಟು ದಿನದಿಂದ ಹೀಗಿದ್ದಾರೆ? ಮೊದಲೇ ಫಿಟ್ಸ್ ಇತ್ತಾ? ಡಾಕ್ಟರು ಕೇಳ್ತಾರೆ, ಯಾರಾದ್ರೂ ಹೇಳಿ!” ಎಂದರು. ಹುಸೇನಬೀ ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದಳು.

ನಾನು ಚೀಲದಿಂದ ಪಟ್ಟಿ ತೆಗೆದೆ. ಜೀಪು ಗುಂಡಿಗಳ ಮೇಲೆ ಹಾರುತ್ತಿತ್ತು. ಏಳನೆಯ ಸಾಲಿನ ನನ್ನ ಗುರುತಿನ ಮೇಲೆ ಪೆನ್ನಿಟ್ಟು ಹೊಡೆದುಹಾಕಿದೆ, ಕಾಗದ ಹರಿಯುವಷ್ಟು ಒತ್ತಿ ಪಕ್ಕದಲ್ಲಿ ಬರೆದೆ: ‘ಆಗಿಲ್ಲ.’

ಹುಸೇನಬೀಗೆ ಒಂದು ದೊಡ್ಡ ಬಿಕ್ಕು ಬಂತು.

“ಎಂಟು ದಿನ ಆತು,” ಎಂದಳು. “ಎಂಟು ದಿನದಿಂದ ತಲಿ ಒಡೀತೈತಿ ಅಂತಾಳ. ಅಂತಾಳ ಅಂದ್ರ, ಅನ್ನಾಕ ಬರಲಿಲ್ಲ, ಗ್ವಾಡಿಗೆ ತಲಿ ಹಚ್ಚಿ ನಿಂದರತಿದ್ಲು. ಕೈಕಾಲು ಬಾತು ಬಳಿ ಏರವಲ್ಲವು. ಮ್ಯಾಲ ಹೊಟ್ಟಿ ಹಿಡಕೊಂಡು ಕಾರತಿದ್ಲು. ಹೋದ ಬುಧವಾರ, ಒಲೀ ಮುಂದ ಕುಂತಾಕಿ, ಕೆಂಡ ಎಲ್ಲೈತಿ ಅಂತ ಕೈಲೆ ಹುಡಕಿದ್ಲು, ಬೆಂಕಿ ಕಾಣವಲ್ದಾಗಿತ್ತು ಆಕೀಗೆ! ನಾ ಆಟೋ ಮಾಡಿ ದವಾಖಾನಿಗೆ ಒಯ್ದೆ. ಬಾಯಾರ, ಒಯ್ದೆ ನಾನು! ಏನಾಗೇತಿ ಅಂತ ಚೀಟಿ ಮಾಡಾಂವ ಕೇಳಿದ. ನಾ ಏನ ಅಂದೆ ಗೊತ್ತೇನು? ಎಲ್ಲಾ ಚೊಲೋ ಐತ್ರಿ ಅಂದೆ. ಆಕೀನೂ ಹಂಗ ಅಂದ್ಲು. ಚೊಲೋ ಇದ್ರ ಯಾಕ ಬಂದೀರಿ ಅಂತ ನಕ್ಕು ಕಳಿಸಿದ. ಫಿಟ್ಸ್ ಮೊದಲ ಇರಲಿಲ್ರಿ, ಎಂದೂ ಇರಲಿಲ್ಲ, ಅಲ್ಲಾನ ಆಣಿ ಇರಲಿಲ್ಲ...”

ಅವಳು ನಿಲ್ಲಿಸಲೇ ಇಲ್ಲ. ಪದ್ಮಜಾ ಮೇಡಂ ಹೇಳಿದ್ದನ್ನೆಲ್ಲ ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದರು. ನನ್ನ ಕೈಯ ಹರಿದ ಕಾಗದವನ್ನೂ ನನ್ನ ಮುಖವನ್ನೂ ಒಂದೆರಡು ಸಲ ನೋಡಿದರು.

ಆಸ್ಪತ್ರೆಯಲ್ಲಿ ಬಿಪಿ ನೂರ ತೊಂಬತ್ತಕ್ಕಿತ್ತು. ಫಿಟ್ಸ್ ನಿಲ್ಲಿಸುವ ಇಂಜೆಕ್ಷನ್ ಕೊಟ್ಟು ಒಳಗೆ ಒಯ್ದರು. ಹೊರಗೆ ಸಿಮೆಂಟ್ ಬೆಂಚಿನ ಮೇಲೆ ನಾವು ಮೂವರು ಕೂತೆವು. ಮೂರು ಗಂಟೆಯ ಸುಮಾರಿಗೆ ಡಾಕ್ಟರಮ್ಮ ಬಂದು, ತಾಯಿ ಉಳಿಯುವ ಹಾಗಿದೆ, ಕೂಸು ಉಳಿಯಲಿಲ್ಲ ಎಂದರು. ಹೆಣ್ಣು ಕೂಸು. “ಒಂದು ವಾರ ಮೊದಲು ಬಂದಿದ್ರೆ...” ಎಂದು ಶುರುಮಾಡಿ, ಹುಸೇನಬೀಯ ಮುಖ ನೋಡಿ ಸುಮ್ಮನಾದರು. ಒಂದು ವಾರ ಮೊದಲು ಇವರು ಬಂದಿದ್ದರು ಎಂದು ಹೇಳಲು ಯಾರಿಗೂ ಧೈರ್ಯವಾಗಲಿಲ್ಲ. ಈ ಸಲ ಯಾವ ಗುರುತೂ ಅಡ್ಡ ಇರಲಿಲ್ಲ.

ಅಲ್ಲಿಂದ ನಾನು ನೇರ ಉಳಿದ ಹತ್ತು ಮನೆಗೆ ನಡೆದೆ. ಪ್ರತಿ ಬಾಗಿಲಲ್ಲೂ ನಿಂತು, ಅವರ ಕಣ್ಣೆದುರಿಗೇ ಗುರುತು ಹೊಡೆದುಹಾಕಿದೆ. ಗಾಣದ ಓಣಿಯ ಕಮಲವ್ವ, ನಾನು ‘ಆಗಿಲ್ಲ’ ಎಂದು ಬರೆದು ಕಾಗದದಿಂದ ಪೆನ್ನು ಎತ್ತುವ ಮೊದಲೇ ನನ್ನ ಸೆರಗು ಹಿಡಿದು, “ಕೂಸು ನಾಕು ದಿನದಿಂದ ಸರಿಯಾಗಿ ಅಳ್ಳಾಡವಲ್ದ್ರೀ” ಎಂದಳು. ಅವಳನ್ನು ಅದೇ ಗಳಿಗೆಯಲ್ಲಿ ಆಟೋ ಹತ್ತಿಸಿ ಕಳಿಸಿದೆ. ಆ ಕೂಸು ಬದುಕಿತು. ಉಳಿದ ಒಂಬತ್ತು ಜನಕ್ಕೆ ದೊಡ್ಡ ತೊಂದರೆಯೇನೂ ಇರಲಿಲ್ಲ. ಆದರೆ ಪ್ರತಿಯೊಬ್ಬರೂ ನನ್ನನ್ನು ಬೈದರು. ಒಬ್ಬಳು ಬಾಗಿಲು ಹಾಕಿಕೊಂಡಳು.

ಮರುದಿನ ಕಚೇರಿಯಲ್ಲಿ ತಿರಕಪ್ಪ ಸಾಹೇಬರ ಮುಂದೆ ಹನ್ನೊಂದು ‘ಆಗಿಲ್ಲ’ ಇದ್ದ ಪಟ್ಟಿ ಇಟ್ಟೆ. ಪದ್ಮಜಾ ಮೇಡಂ ಪಕ್ಕದ ಕುರ್ಚಿಯಲ್ಲಿದ್ದರು. ಸಾಹೇಬರು ಹನ್ನೊಂದನ್ನೂ ಬೆರಳಿಟ್ಟು ಎಣಿಸಿದರು.

“ನೌಕರಿ ಹೋಗತೈತಿ, ಗೊತ್ತೈತಿಲ್ಲ?”

“ಗೊತ್ತೈತ್ರಿ.”

“ನನಗ ನಿವೃತ್ತಿಗೆ ಇನ್ನ ಎರಡು ವರ್ಷ ಐತಿ, ಚಂದ್ರವ್ವ.”

ಅವರು ಅದನ್ನು ಬೇಡುವ ದನಿಯಲ್ಲಿ ಹೇಳಿದರು. ಏನು ಬೇಡುತ್ತಿದ್ದರೋ ಅದನ್ನು ಕೊಡುವುದು ನನ್ನ ಕೈಯಲ್ಲಿರಲಿಲ್ಲ. ಮೇಡಂ ತಮ್ಮ ನಮೂನೆಯ ಆ ಕಾಲಮಿನ ಮೇಲೆ ಪೆನ್ನು ತಂದರು. “ಸಲಕರಣೆಗಳು ಸುಸ್ಥಿತಿಯಲ್ಲಿವೆ. ಇದು ನಿಮಗೆ ಹೇಗೆ ಗೊತ್ತಾಯಿತು ಸಾರ್?”

ಸಾಹೇಬರು ‘ಪಟ್ಟಿಯೊಳಗ ಐತ್ರಿ’ ಎನ್ನಲಿಲ್ಲ. ಕಪಾಟಿನ ಬೀಗ ತೆಗೆದು ತಮ್ಮ ಪಟ್ಟಿ ಹೊರತೆಗೆದರು. ಮೊದಲ ಗೆರೆ ಗುರುತಿಗೆ ತಾಗದೆ ಪಕ್ಕದಲ್ಲಿ ಬಿತ್ತು. ಎರಡನೆಯ ಸಲ ತಾಗಿತು. ಪಕ್ಕದಲ್ಲಿ ‘ಆಗಿಲ್ಲ’ ಎಂದು ಬರೆದರು. ನನ್ನ ಗಂಟಲು ಬಿಟ್ಟುಕೊಂಡಿತು. ಏನೇನು ಹೇಳಿದೆನೋ ನನಗೆ ಪೂರ್ತಿ ನೆನಪಿಲ್ಲ. ಒಡೆದ ರಬ್ಬರ್ ಚೆಂಡು, ಸೈಕಲ್ ಅಂಗಡಿಯ ತೇಪೆ, ಬಾರದ ಗುರುವಾರ, ಎಲ್ಲವನ್ನೂ ಕೂಗಿದೆ. ಪಕ್ಕದ ಕೋಣೆಯವರು ಬಂದು ಬಾಗಿಲಲ್ಲಿ ನಿಂತರು. ಸಾಹೇಬರು ತಲೆ ಎತ್ತಲಿಲ್ಲ. ಅವರು ಆ ಗೆರೆ ಎಳೆದಿರದಿದ್ದರೆ ಈ ಕಥೆಯ ಅರ್ಧವನ್ನು ನಾನು ಇಂದಿಗೂ ಹೇಳಲಾರದವಳು.

ನಮ್ಮಿಬ್ಬರ ಕೆಲಸವೂ ಹೋಯಿತು. ಮೇಡಂ ವರದಿ ಬರೆದರು, ಅದು ಎಲ್ಲಿಗೋ ಹೋಯಿತು. ಈಗ ಪಟ್ಟಿಯಲ್ಲಿ ಗುರುತಿನ ಕಾಲಮಿಗಿಂತ ಮೊದಲು ಇನ್ನೊಂದು ಕಾಲಂ ಬಂದಿದೆಯಂತೆ. ಮನೆಯವರು ಏನು ಹೇಳಿದರು ಎಂಬುದನ್ನು ಅವರ ಮಾತಿನಲ್ಲೇ ಅದರಲ್ಲಿ ಬರೆದ ಮೇಲೇ ಗುರುತು ಹಾಕಬೇಕಂತೆ. ಅದನ್ನಾದರೂ ಬೆಂಚಿನ ಮೇಲೆ ಕೂತು ತುಂಬುತ್ತಾರೋ ಏನೋ, ನನಗೆ ಗೊತ್ತಿಲ್ಲ.

ಜೈಬು ಇಪ್ಪತ್ತು ದಿನದ ಮೇಲೆ ಮನೆಗೆ ಬಂದಳು. ಹೋಗಲು ನನಗೆ ಇನ್ನೂ ಹತ್ತು ದಿನ ಬೇಕಾಯಿತು. ಆಸ್ಪತ್ರೆಯ ನರ್ಸಮ್ಮನಿಂದ ಒಂದು ಮಶೀನು ಎರವಲು ತಂದಿದ್ದೆ, ಬರಿಗೈಯಲ್ಲಿ ಆ ಹೊಸ್ತಿಲು ತುಳಿಯಲು ನನ್ನಿಂದ ಆಗುತ್ತಿರಲಿಲ್ಲ. ಮೌಲಾಸಾಬ ನನ್ನನ್ನು ಕಂಡವನೇ ಎದ್ದು ಹೊರಗೆ ಹೋದ. ಹುಸೇನಬೀ ಕೂರು ಎನ್ನಲಿಲ್ಲ, ಹೋಗು ಎಂದೂ ಎನ್ನಲಿಲ್ಲ. ಜೈಬು ಇಳಿದುಹೋಗಿದ್ದಳು. ಒಲೆಯ ಮುಂದೆ ಕೂತು ಬಿಸಿ ಅರಗನ್ನು ಎಳೆಯುತ್ತಿದ್ದವಳು ಅದನ್ನು ಪಕ್ಕಕ್ಕಿಟ್ಟು ತೋಳು ಚಾಚಿದಳು. ನಾನು ಮಶೀನಿನ ತೋಳುಪಟ್ಟಿ ಸುತ್ತಿದೆ. ಗಾಳಿ ಒತ್ತುವಾಗ ಅವಳು ಮಾತು ಶುರುಮಾಡಿದಳು.

“ಕೂಸು ಒಳಗ ಒದೀತಿತ್ತು ಬಾಯಾರ, ನೀವು ನೀರು ಕುಡಿದು ಹೋದ್ರಲ್ಲ, ಆವತ್ತೂ ಒದೀತಿತ್ತು. ನಿಮ್ಮ ಬೆನ್ನು ಕಾಣೂತನಕ ನಾ ಒಳಗ ಕೂಗತಿದ್ದೆ. ನಿಮಗ ತಿಳೀತೈತಿ ಅಂದುಕೊಂಡಿದ್ದೆ. ಬ್ಯಾರೆ ಯಾರಿಗೆ ತಿಳೀಲಿಲ್ಲಂದ್ರೂ ನಿಮಗ ತಿಳೀತೈತಿ ಅಂತ...”

ಸುಮ್ಮನಿರು ಎಂದು ನಾನು ಅನ್ನಲಿಲ್ಲ. ಮುಳ್ಳು ಏರಿತು. ನೂರ ಮೂವತ್ತು. ತೋಳುಪಟ್ಟಿ ಬಿಚ್ಚಲು ಕೈ ಹಾಕಿದೆ. ಅವಳು ನನ್ನ ಚೀಲದ ಕಡೆ ನೋಡಿದಳು.

“ಗುರುತ ಹಾಕ್ತೀರೇನು?”

“ಇಲ್ಲವ್ವ. ನನ್ನ ಹತ್ರ ಪಟ್ಟಿ ಇಲ್ಲ.”

“ಹಂಗಾರ ಕೂಡ್ರಿ,” ಎಂದಳು ಜೈಬು. “ಹೇಳೂದು ಇನ್ನೂ ಭಾಳ ಐತಿ.”